ಕ್ಲಚ್ ಇಲ್ಲದ ಕಾರು

ಆರ್‌ಟಿಓ ಇನ್ಸ್‌ಪೆಕ್ಟರು ಕಾರಿನ ಎಡಗಡೆ ಬಾಗಿಲು ತೆಗೆದು ಗಂಭೀರವಾಗಿ ಒಳಗೆ ಕುಳಿತರು. ಕುಳಿತ ಮೇಲೆ ನೋಡಿದರೆ, ಎದುರಿಗೇ ಸ್ಟೇರಿಂಗ್!

"ಸಾರ್, ಟೆಸ್ಟ್ ನಿಮಗೋ, ನನಗೋ?" ಎಂದೆ.

ಪಾಪ, ಇಳಿದು, ಅಷ್ಟುದ್ದದ ಕಾರನ್ನು ಬಳಸಿಕೊಂಡು ಹೋಗಿ ಬಲಗಡೆಯಿಂದ ಹತ್ತಿದರು. ನಾನು ಸ್ಟೇರಿಂಗ್ ಮುಂದೆ ಕುಳಿತೆ. ಅವರು ಬಗ್ಗಿ ನನ್ನ ಕಾಲಿನ ಕಡೆ ನೋಡಿದರು.

"ಕ್ಲಚ್ ಎಲ್ಲಮ್ಮಾ?"

"ಇಲ್ಲ ಸಾರ್."

"ಇಲ್ಲ ಅಂದ್ರೆ? ಕಿತ್ತು ಹಾಕ್ಸಿದೀರಾ?"

"ಇದು ಹುಟ್ಟಿದ್ದೇ ಹಂಗೆ ಸಾರ್. ಗೇರು ತಾನೇ ಬದಲಾಯಿಸ್ಕೊಳ್ಳುತ್ತೆ."

ಆಗ ಅವರಿಗೆ ನನ್ನ ಎಡಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿಗಳು ಕಂಡವು. "ಸರಿ, ಹೊರಡಿ" ಎಂದರು.

ಹೋದ ವಾರ ಲೈಸೆನ್ಸ್ ಕೈಗೆ ಬಂತು. ಹಾಗಾಗಿ ಈ ವಾರ ಬೇರೆ ಏನನ್ನಾದರೂ ಬರೆಯಿರಿ ಎಂದರೆ ನನ್ನಿಂದಾಗದು. ಸಹಿಸಿಕೊಳ್ಳಿ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಗಣಿತದ ಟೀಚರ್. ಮನೆ ದೊಡ್ಡಬಳ್ಳಾಪುರದಲ್ಲಿ, ಸ್ಕೂಲು ತೂಬಗೆರೆ ಕಡೆ. ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಬಲಗಾಲು ಗಟ್ಟಿ. ಇಷ್ಟು ವರ್ಷ ಎರಡು ಕಾಲಿನ ಕೆಲಸವನ್ನೂ ಅದೊಂದೇ ಗೊಣಗದೆ ಮಾಡಿದೆ.

ಹೋದ ವರ್ಷ ಬಸ್ಸು ಹತ್ತುವಾಗ ಮೆಟ್ಟಿಲಿನಿಂದ ಬಿದ್ದೆ. ಯಾರ ತಪ್ಪೂ ಅಲ್ಲ. ಜನ ತುಂಬಿತ್ತು, ಮೆಟ್ಟಿಲು ಎತ್ತರವಿತ್ತು, ಕೈ ಜಾರಿತು. ಸೊಂಟದ ಮೂಳೆ ಮುರಿಯಿತು. ಡಾಕ್ಟರು ಒಳಗೊಂದು ಸ್ಟೀಲ್ ಪ್ಲೇಟ್ ಕೂರಿಸಿ, "ಇನ್ಮೇಲೆ ಬಸ್ಸು ಬೇಡ" ಎಂದರು. ಪಕ್ಕಕ್ಕೆರಡು ಗಾಲಿ ಹಾಕಿದ ಸ್ಕೂಟರ್ ಓಡಿಸಬಹುದೇ ಎಂದು ಕೇಳಿದೆ. "ಆ ಗುಂಡಿ ರಸ್ತೇಲಾ? ಇನ್ನೊಂದು ಪ್ಲೇಟ್ ರೆಡಿ ಮಾಡಿಟ್ಕೋತೀನಿ" ಎಂದರು.

ಊರಿನಲ್ಲೇ ಒಂದು ಆಫೀಸಿನಲ್ಲಿ ಕುರ್ಚಿ ಕೊಡಿಸುತ್ತೇವೆ, ಆರಾಮಾಗಿರಿ ಎಂದು ಮೇಲಿನವರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಲೆಕ್ಕ ಬಿಡಿಸಿದ ಹುಡುಗಿ "ಬಂತು ಮಿಸ್!" ಎಂದು ಕೂಗುತ್ತಾಳಲ್ಲ, ಆ ಕೂಗು ಯಾವ ಫೈಲಿನಿಂದ ಬರುತ್ತದೆ? ಬೇಸಿಗೆ ರಜೆ ಮುಗಿಯುವುದರೊಳಗೆ ತೀರ್ಮಾನ ತಿಳಿಸಬೇಕಿತ್ತು.

ಆಗಲೇ ನಮ್ಮ ಮನೆಯವರು ಆ ಸುದ್ದಿ ತಂದದ್ದು. ಅವರದು ನೂಲಿನ ವ್ಯಾಪಾರ, ಹೊಸಕೋಟೆ ಕಡೆ ಓಡಾಟ. ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ ಹೇಳಿದರು.

"ಅನುಗೊಂಡನಹಳ್ಳೀಲಿ ಪಿಳ್ಳಪ್ಪ ಅನ್ನೋರ ಕೊಟ್ಟಿಗೇಲಿ ಒಂದು ಅಮೆರಿಕದ ಕಾರು ನಿಂತಿದೆ. ಕ್ಲಚ್ಚೇ ಇಲ್ಲ ಕಣೇ ಅದಕ್ಕೆ!"

ಅಷ್ಟು ಹೊತ್ತಿಗೆ ನಾವು ಹತ್ತಾರು ಕಡೆ ವಿಚಾರಿಸಿ ಸೋತಿದ್ದೆವು. ಕೇಳಿದ ಕಾರಿಗೆಲ್ಲ ಕ್ಲಚ್. ಕ್ಲಚ್ ಎಂದರೆ ಎಡಗಾಲು. ಎಡಗಾಲು ಎಂದರೆ ನಾನು ಮನೆಗೆ.

ಮರುದಿನವೇ ಹೋಗಿ ನೋಡಿದೆವು. ಎರಡೇ ಬಾಗಿಲು, ಎಡಗಡೆ ಸ್ಟೇರಿಂಗ್, ಮಂಚದಷ್ಟು ಉದ್ದದ ಬಾನೆಟ್, ಅದರಡಿ ಎಂಟು ಸಿಲಿಂಡರಿನ ಎಂಜಿನ್. ರೇಸಿಗೆ ಹುಟ್ಟಿದ ಕಾರು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಯಾರೋ ಫಾರಿನ್ನಿನವರು ದೇಶ ಬಿಟ್ಟು ಹೋಗುವಾಗ ಪಿಳ್ಳಪ್ಪನವರು ಆಸೆಪಟ್ಟು ತೆಗೆದುಕೊಂಡಿದ್ದರಂತೆ.

"ಗುಜರಿಯೋರು ಎಷ್ಟೋ ಸಲ ಬಂದ್ರು. ಕೊಡೋಕೆ ಮನಸ್ ಬರ್ಲಿಲ್ಲ. ನೀವು ಓಡಿಸ್ತೀರಾ ಅಂದ್ರೆ ತಗೊಂಡೋಗಿ ತಾಯಿ. ಮರಿ ಆಗೋವರ್ಗೂ ಮಾತ್ರ ತಡ್ಕಳಿ" ಎಂದರು.

ತಡೆದೆವು. ಮರಿಗಳಾದ ಮೇಲೆ ಕಾರನ್ನು ಲಾರಿಗೇರಿಸಿ ದೊಡ್ಡಬಳ್ಳಾಪುರದ ಅನ್ವರ್ ಭಾಯ್ ಗ್ಯಾರೇಜಿಗೆ ತಂದೆವು.

ಅನ್ವರ್ ಭಾಯ್ ಕಾರಿನ ಸುತ್ತ ಓಡಾಡಿ, ತಲೆ ಕೆರೆದುಕೊಂಡು, "ಡೀಸೆಲ್ ಎಂಜಿನ್ ಕೂರ್ಸಿಬಿಡಾಣ ಮೇಡಂ. ಈ ಥರದ ಗಾಡಿಗೆಲ್ಲ ಅದೇ ಮಾಡೋದು. ಖರ್ಚೂ ಕಮ್ಮಿ" ಎಂದರು.

"ಅದರ ಜೊತೆ ಗೇರ್‌ಬಾಕ್ಸೂ ಬದಲಾಗುತ್ತಾ?"

"ಹೂಂ ಮತ್ತೆ. ನಮ್ ದೇಶದ್ದೇ ಹಾಕ್ತೀನಿ, ಕ್ಲಚ್ ಇರೋದು."

ನಾನು ಸೀರೆಯ ನೆರಿಗೆಯನ್ನು ಸ್ವಲ್ಪ ಸರಿಸಿ ಎಡಗಾಲು ತೋರಿಸಿದೆ. ಅವರು ನೋಡಿದರು. ಮತ್ತೆ ಕಾರು ನೋಡಿದರು.

"ಅಂಥ ಗೇರ್‌ಬಾಕ್ಸ್ ನಾನು ಬಿಚ್ಚೇ ಇಲ್ಲ ಮೇಡಂ" ಎಂದರು. "ಬಿಚ್ತೀನಿ."

ಬಿಚ್ಚಿದರು. ಬೇಸಿಗೆಯೆಲ್ಲ ಅದೇ ಕೆಲಸ. ತುಕ್ಕು ಕೆರೆದು, ತಗಡು ಬಡಿದು, ಎಂಜಿನ್ನಿಗೆ ಜೀವ ತಂದರು. ಹಳೆಯ ಬ್ರೇಕನ್ನು ನಾನು ಎಷ್ಟು ಒತ್ತಿದರೂ ಇಷ್ಟು ಭಾರದ ಕಾರು ನಿಲ್ಲದು ಎಂದು, ಈಚಿನ ಕಾರುಗಳಲ್ಲಿ ಬರುವ ಡಿಸ್ಕ್ ಬ್ರೇಕ್ ಹಾಕಿ, ಮೆಲ್ಲಗೆ ಒತ್ತಿದರೂ ಹಿಡಿಯುವಂತೆ ಬೂಸ್ಟರ್ ಕೂರಿಸಿದರು. ದಾರಿಯಲ್ಲಿ ಕೈಕೊಡಬಾರದೆಂದು ಎಲೆಕ್ಟ್ರಾನಿಕ್ ಇಗ್ನಿಷನ್. ಪೆಟ್ರೋಲ್ ಉಳಿಯಲೆಂದು ಚಿಕ್ಕ ಕಾರ್ಬೊರೇಟರ್. (ಉಳಿಯಿತೇ ಎಂದು ಕೇಳಬೇಡಿ. ನಮ್ಮ ಮನೆಯವರೂ ಕೇಳುವುದನ್ನು ಬಿಟ್ಟಿದ್ದಾರೆ.)

ಹಳೇ ಕಾರಿಗೆ ಹೊಸ ಸಾಮಾನು ಹಾಕಿ ಕೆಡಿಸಿದಿರಿ ಎಂದು ಬೆಂಗಳೂರಿನ ಕಾರುಪ್ರೇಮಿಯೊಬ್ಬರು ಮರುಗಿದರು. ನನ್ನ ಸೊಂಟದಲ್ಲಿರುವುದೂ ಕಂಪನಿ ಸಾಮಾನಲ್ಲ ಸ್ವಾಮಿ, ಏನು ಮಾಡೋಣ?

ಕೊನೆಗೆ ಟ್ರಯಲ್ ದಿನ ಬಂತು. ಅನ್ವರ್ ಭಾಯ್ ಕುಳಿತು ಸ್ಟಾರ್ಟ್ ಮಾಡಿದರು. ಎಂಟು ಸಿಲಿಂಡರಿನ ಸದ್ದಿಗೆ ಬೀದಿಯೇ ತಿರುಗಿ ನೋಡಿತು. ಗೇರು ಮುಂದಕ್ಕೆ ಹಾಕಿದರು. ಕಾರು ಅಲುಗಲಿಲ್ಲ. ರಿವರ್ಸ್ ಹಾಕಿದರು, ಸರಾಗವಾಗಿ ಹಿಂದಕ್ಕೆ ಹೋಯಿತು. ಹಿಂದಕ್ಕೆ ಮಾತ್ರ!

ಬೀದಿಯವರು ನಕ್ಕರು. ನಮ್ಮ ಮನೆಯವರೂ ನಗಲು ನೋಡಿದರು, ಆಗಲಿಲ್ಲ. ನನಗಂತೂ ಕಣ್ಣು ತುಂಬಿತು. ಸ್ಕೂಲು ತೆರೆಯಲು ಹೆಚ್ಚು ದಿನ ಉಳಿದಿರಲಿಲ್ಲ. "ಬಿಡಿ ಭಾಯ್, ನೀವು ಮಾಡೋದೆಲ್ಲ ಮಾಡಿದ್ರಿ. ಆ ಆಫೀಸಿಗೇ ಒಪ್ಕೋತೀನಿ" ಎಂದೆ.

ಅನ್ವರ್ ಭಾಯ್ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಹಿಂದಕ್ಕೆ ಹೋಗೋ ಗಾಡಿ ಮುಂದಕ್ಕೂ ಹೋಗ್ಲೇಬೇಕಲ್ವಾ ಮೇಡಂ? ನಾಲ್ಕು ದಿವ್ಸ ಕೊಡಿ" ಎಂದರು.

ಗ್ಯಾರೇಜಿಗೆ ಬೀಗ ಹಾಕಿ, ಗೇರ್‌ಬಾಕ್ಸನ್ನು ಟೆಂಪೊದಲ್ಲಿ ಹೇರಿಕೊಂಡು ಬೆಂಗಳೂರಿಗೆ ಹೋದರು. ಒಳಗೆ ಮುಂದಕ್ಕೆ ಹೋಗುವ ಗೇರಿನ ರಬ್ಬರ್ ಸೀಲುಗಳು ಸವೆದು ಎಣ್ಣೆ ನಿಲ್ಲುತ್ತಿರಲಿಲ್ಲವಂತೆ. ಆ ಸೀಲು ಈ ದೇಶದಲ್ಲೇ ಸಿಗುವುದಿಲ್ಲ ಎಂದು ಅಂಗಡಿ ಅಂಗಡಿಯಲ್ಲಿ ಹೇಳಿ ಕಳಿಸಿದರು. ಕೊನೆಗೆ ಮಣ್ಣು ಅಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಅದೇ ಅಳತೆಯವು ಸಿಕ್ಕವು.

ವಾಪಸು ಬಂದು ಜೋಡಿಸಿದವರು ಈ ಸಲ ತಾವು ಹತ್ತಲಿಲ್ಲ. ಬಾಗಿಲು ತೆಗೆದು ಹಿಡಿದು, "ನೀವೇ ಕೂತ್ಕೊಳಿ" ಎಂದರು.

ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದೆ. ಕಾರು ಮುಂದಕ್ಕೆ ಹೋಯಿತು. ಅಷ್ಟೇ ನೋಡಿ. ಅದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಕರವಸ್ತ್ರ ಹುಡುಕುತ್ತಿದ್ದರು.

ಆಮೇಲೆ ಅವರು ಪಕ್ಕದಲ್ಲಿ ಕುಳಿತು, ನಾನು ಎಲ್ ಬೋರ್ಡ್ ಹಾಕಿಕೊಂಡು ಸ್ಕೂಲಿಗೆ ಹೋಗಿಬರುತ್ತ ಕಲಿತೆ. ಕಾವಿನ ಕೋಳಿಗೆ ತೊಂದರೆಯಾಗದಂತೆ ಕೊಟ್ಟವರಿಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿಯೂ ಬಿಚ್ಚಿದವರಿಗೆ, ವ್ಯಾಪಾರ ಬಿಟ್ಟು ಪಕ್ಕದಲ್ಲಿ ಕೂತವರಿಗೆ ಏನು ಹೇಳಲಿ? ಥ್ಯಾಂಕ್ಸ್ ಎಂದರೆ ಮೂವರೂ ಬೈಯುತ್ತಾರೆ. ಅದಕ್ಕೇ ಇಲ್ಲಿ ಬರೆದೆ.

ಈ ಸೋಮವಾರ ಮೊದಲ ಸಲ ಒಬ್ಬಳೇ ಹೊರಟೆ. ಎಡಕ್ಕೆ ದೂರದಲ್ಲಿ ಮಾಕಳಿದುರ್ಗ, ಎದುರಿಗೆ ಖಾಲಿ ರಸ್ತೆ. ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಸ್ಸು ತಪ್ಪಿಸಿಕೊಂಡು ಕೈ ಅಡ್ಡ ಹಾಕಿದಳು. ನಿಲ್ಲಿಸಿ ಹತ್ತಿಸಿಕೊಂಡೆ. ಜೀವಮಾನವೆಲ್ಲ ಎಲ್ಲರಿಂದ "ಬೇಗ ಬಾ, ಬೇಗ ಹತ್ತು" ಎಂದೇ ಕೇಳಿಸಿಕೊಂಡವಳು ನಾನು. ಒಂದು ಮೈಲಿ ಹೋಗುವುದರೊಳಗೆ ಆಕೆ ಬುಟ್ಟಿ ಅವುಚಿಕೊಂಡು, "ಅಕ್ಕಾ, ವಸಿ ನಿಧಾನಕ್ಕೆ ಹೋಗಿ" ಎಂದಳು.

ನೀವೇ ಹೇಳಿ, ನಿಧಾನ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ?