ಅಡೂರು ದಾಸವಾಳವೂ ಒಂದು ಅಡಿಟಿಪ್ಪಣಿಯೂ

ನಮ್ಮ ಮನೆಗೆ ಮೊದಲ ಸಲ ಬಂದವರು ಗೇಟು ದಾಟಿ ಮೆಟ್ಟಿಲು ಮುಟ್ಟುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಂಗಳ ಅಷ್ಟು ವಿಶಾಲವೆಂದು ಭ್ರಮಿಸಬೇಡಿ. ಹಾಲಿನವನು ಆ ದೂರವನ್ನು ಒಂದು ಕೆಮ್ಮು ಮುಗಿಯುವಷ್ಟರಲ್ಲಿ ಕ್ರಮಿಸುತ್ತಾನೆ. ಆದರೆ ಹಾದಿಯ ಎರಡೂ ಬದಿಗೆ ನನ್ನ ಹೆಂಡತಿ ವಸಂತಿಯ ಗಿಡಗಳಿವೆ, ಮತ್ತು ಒಂದೊಂದು ಗಿಡಕ್ಕೂ ಪೂರ್ವಾಪರ ಉಂಟು. ಹೂವಿನ ವರ್ಣ, ಸೌರಭ, ಎಸಳುಗಳ ವಿನ್ಯಾಸ ಇವೆಲ್ಲ ಅವಳ ದೃಷ್ಟಿಯಲ್ಲಿ ಗೌಣ. ಈ ನಂದಿಬಟ್ಟಲು ಶಿರಿಯದ ಟೀಚರ ಮನೆಯದು, ಆ ಸೇವಂತಿಗೆ ಹಿಂದಿನ ಬಾಡಿಗೆ ಮನೆಯ ಯಜಮಾನತಿ ಕೊಟ್ಟದ್ದು, ಮೂಲೆಯ ಕರಿಬೇವು ದೊಡ್ಡಮ್ಮನ ಹಿತ್ತಿಲಿನದ್ದು ಎಂದು ವಂಶಾವಳಿಯನ್ನು ಒಪ್ಪಿಸಿದ ಮೇಲೆಯೇ ಅತಿಥಿಗಳಿಗೆ ಗೃಹಪ್ರವೇಶದ ಅನುಮತಿ. ಕುಡಿಯುವ ನೀರಿನ ಪೈಪಿಗಾಗಿ ಅಗೆದಾಗ ಸತ್ತುಹೋದ ದಾಸವಾಳವೊಂದರ ಬರಿಯ ನೆಲವನ್ನೂ ಅವಳು ಬಿಡುತ್ತಿರಲಿಲ್ಲ. "ಇಲ್ಲಿ ಅಡೂರು ದಾಸವಾಳ ಇತ್ತು. ಅಡೂರಿನ ನಮ್ಮ ಅತ್ತಿಗೆ ಕೊಟ್ಟದ್ದು" ಎಂದು ಶೂನ್ಯವನ್ನು ತೋರಿಸುವಳು, ಬಂದವರು ಪಾಪ, ಶೂನ್ಯವನ್ನು ನೋಡಿ "ಚಂದ ಉಂಟು" ಎನ್ನುವರು. ನಾನು ಜಗಲಿಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ.

ಇಲ್ಲಿ ನನ್ನ ವೃತ್ತಿಯನ್ನು ಹೇಳಿದರೆ ನೀವು ನಕ್ಕೀರಿ. ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಅಲ್ಲಿಯ ಕೃತಿಚೌರ್ಯ ತಡೆ ಸಮಿತಿಗೆ ಅಧ್ಯಕ್ಷನೂ ಹೌದು. ಯಾವುದು ಎಲ್ಲಿಂದ ಬಂತೆಂದು ಹೇಳಿರಪ್ಪಾ ಎಂದು ವರ್ಷವಿಡೀ ಮಕ್ಕಳ ಬೆನ್ನು ಹತ್ತುವವನಿಗೆ ಮನೆಯಂಗಳದಲ್ಲಿ ಅದೇ ಮಾತು ಆಕಳಿಕೆ ತರಿಸುತ್ತಿತ್ತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಮಾಡಿದವರು ನನ್ನನ್ನು ಕಂಡೇ ಮಾಡಿದ್ದಿರಬೇಕು.

ಪ್ರತಿ ವರ್ಷ ಹೊಸ ಮಕ್ಕಳೆದುರು ನಾನೊಂದು ಉಪನ್ಯಾಸ ಮಾಡುತ್ತೇನೆ. ಇನ್ನೊಬ್ಬರ ಮಾತನ್ನು ಹಾಗೆಯೇ ಎತ್ತಿದರೆ ಉದ್ಧರಣ ಚಿಹ್ನೆಯೊಳಗಿಟ್ಟು ಹೆಸರು, ಪುಟ ಕೊಡಿ. ಮಾತು ಬದಲಾಯಿಸಿ ವಿಚಾರವನ್ನಷ್ಟೇ ತೆಗೆದುಕೊಂಡರೂ ವಿಚಾರದ ಒಡೆಯನನ್ನು ಹೇಳಿ. ಮೂಲವನ್ನು ನೋಡದೆ ಬೇರೆಯವರ ಪುಸ್ತಕದಿಂದ ಎತ್ತಿದ್ದಾದರೆ ಇಬ್ಬರ ಹೆಸರನ್ನೂ ಹೇಳಿ. ಗಾದೆಗೆ ಮತ್ತು ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿಗೆ ಆಕರ ಬೇಡ. ಇಷ್ಟೇ ಶಾಸ್ತ್ರ. ಮಕ್ಕಳು ತಲೆಯಾಡಿಸುತ್ತಾರೆ, ತಲೆಯಾಡಿಸಿ ಹೋಗಿ ಪುಟಗಟ್ಟಲೆ ಕಾಪಿ ಹೊಡೆದು ತರುತ್ತಾರೆ. ಸಿಕ್ಕಿಬಿದ್ದಾಗ ಹೇಳುವ ಸಮರ್ಥನೆಗಳಲ್ಲಿ ಮಾತ್ರ ಸ್ವಂತಿಕೆ ಪುಟಿಯುತ್ತಿರುತ್ತದೆ. ಒಬ್ಬ ಮಹಾನುಭಾವ ಮಲಯಾಳ ಲೇಖನವೊಂದನ್ನು ತಲೆಯಿಂದ ಬಾಲದವರೆಗೆ ಕನ್ನಡಕ್ಕಿಳಿಸಿ ತಂದಿದ್ದ. ಕೇಳಿದರೆ, "ಸರ್, ಅದು ಮಲಯಾಳದಲ್ಲಿ ಇದ್ದದ್ದು. ಕನ್ನಡ ಮಾಡಿದ್ದು ನಾನೇ ಅಲ್ವಾ? ಎಷ್ಟು ಕಷ್ಟ ಉಂಟು ಗೊತ್ತುಂಟಾ?" ಎಂದು ನನ್ನನ್ನೇ ದಬಾಯಿಸಿದ. ಭಾಷೆಯ ಗಡಿ ದಾಟಿಸಿದ ಮಾತ್ರಕ್ಕೆ ಪರರ ಹಸು ನಮ್ಮದಾಗುವುದಿಲ್ಲ ಮಾರಾಯ ಎಂದು ಅವನಿಗೆ ತಿಳಿಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಇಂಥವರ ನಡುವೆ ನವ್ಯಶ್ರೀ ಎಂಬವಳೊಬ್ಬಳು ಎಂ.ಎ.ಗೆ ಬಂದಳು. ಮೀಂಜದ ತುಳು ಮನೆಯ ಹುಡುಗಿ, ಬಾಯಿ ಸ್ವಲ್ಪ ಜೋರು. ನನ್ನ ಉಪನ್ಯಾಸವನ್ನು ಅಕ್ಷರಶಃ ನಂಬಿದ ಏಕೈಕ ಜೀವ ಅವಳು, ಮತ್ತು ಆ ನಂಬಿಕೆಯೇ ನನಗೆ ತಲೆನೋವಾಯಿತು. ನಮ್ಮ ಭಾಗದ ಮಾತಿನ ಬಗ್ಗೆ ಅವಳು ಬರೆದ ಪ್ರಬಂಧದಲ್ಲಿ ಮೇಲೆ ನಾಲ್ಕು ಸಾಲು ವಿಷಯವಿದ್ದರೆ ಕೆಳಗೆ ಅಡಿಟಿಪ್ಪಣಿಗಳು ಬಸಳೆ ಚಪ್ಪರದಂತೆ ಹಬ್ಬಿದ್ದವು. "ಈ ಪದವನ್ನು ಕುಂಬಳೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನ ಹೆಂಗಸು ಹೇಳಿದ್ದು, ಹೆಸರು ಕೇಳುವಷ್ಟರಲ್ಲಿ ಇಳಿದುಹೋದರು" ಎಂದು ಒಂದು ಕಡೆ. ಇನ್ನೊಂದು ಕಡೆ ನನ್ನದೇ ಮಾತು. ನಾನು ತರಗತಿಯಲ್ಲಿ ಆಗಾಗ ಒಗೆಯುತ್ತಿದ್ದ, ನನಗೆ ಸ್ವಲ್ಪ ಹೆಚ್ಚೇ ಪ್ರಿಯವಾದ ವಾಕ್ಯ ಅದು: "ನಮ್ಮ ಊರಿನವನು ತುಳುವಿನಲ್ಲಿ ಜಗಳಾಡುತ್ತಾನೆ, ಮಲಯಾಳದಲ್ಲಿ ಅರ್ಜಿ ಕೊಡುತ್ತಾನೆ, ಕನ್ನಡದಲ್ಲಿ ದೇವರಿಗೆ ಮೊರೆಯಿಡುತ್ತಾನೆ, ಕೂಡಲೇ ಉತ್ತರ ಸಿಗುವುದು ಮೊದಲನೆಯದಕ್ಕೆ ಮಾತ್ರ." ಅದರ ಕೆಳಗೆ ನನ್ನ ಹೆಸರು ಹಾಕಿ, "ತರಗತಿಯಲ್ಲಿ ಹೇಳಿದ್ದು, ಊಟದ ನಂತರದ ಪೀರಿಯಡ್, ಆ ದಿನ ಕರೆಂಟ್ ಇರಲಿಲ್ಲ" ಎಂದು ಬರೆದಿದ್ದಳು.

ನಾನು ನಕ್ಕೆ. ನಗುವಿನ ಹಿಂದೆ ಔದಾರ್ಯದ ಸೋಗೂ ಇತ್ತೆನ್ನಿ. ಗುರುವಿನ ಮಾತಿಗೆ ಎಲ್ಲಿಯಾದರೂ ಅಡಿಟಿಪ್ಪಣಿ ಉಂಟೇ, ತೆಗೆದುಬಿಡು, ಆ ಕರೆಂಟನ್ನಂತೂ ಮೊದಲು ತೆಗೆ ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. "ಯಾರದ್ದು ತೆಗೊಂಡ್ರೂ ಹೇಳ್ಬೇಕು ಅಂತ ನೀವೇ ಹೇಳಿದ್ದಲ್ವಾ ಸರ್? ಹಾಗಾದ್ರೆ ನೀವು ಆ 'ಯಾರದ್ದೂ' ಒಳಗೆ ಬರುದಿಲ್ವಾ?" ನಾನು ಅಧ್ಯಾಪಕರ ಅಂತಿಮ ಅಸ್ತ್ರವನ್ನು, ಅಂದರೆ "ಹೇಳಿದಷ್ಟು ಮಾಡು" ಎಂಬುದನ್ನು, ಪ್ರಯೋಗಿಸಿದೆ. ಕಡೆಗೆ ಸಹಿ ಹಾಕಿಸಿಕೊಳ್ಳಲು ಮನೆಗೇ ಬಂದಳು. ನಾನು ಓದಿ ನೋಡುವ ಗೋಜಿಗೆ ಹೋಗದೆ ಸಹಿ ಹಾಕಿದೆ. ವಸಂತಿ ಆಗಿನ್ನೂ ಬದುಕಿದ್ದ ಅಡೂರು ದಾಸವಾಳದ ಒಂದು ಗೆಲ್ಲು ಮುರಿದು ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟಳು, ವಂಶಾವಳಿ ಸಮೇತ.

ಇದಾಗಿ ಕೆಲವು ವರ್ಷಗಳು ಕಳೆದವು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಾನೊಂದು ಸಂಶೋಧನ ಪತ್ರಿಕೆಗೆ ಲೇಖನ ಕಳುಹಿಸಿದೆ. ಇಷ್ಟು ಕಾಲ ಬಾಯಿಯಲ್ಲಷ್ಟೇ ಬದುಕಿದ್ದ ಆ ನನ್ನ ಮುದ್ದಿನ ವಾಕ್ಯವನ್ನು ಮೊದಲ ಸಲ ಬರಹಕ್ಕಿಳಿಸಿ, ಲೇಖನದ ಹಣೆಯ ಮೇಲೆ ತಿಲಕವಾಗಿ ಇಟ್ಟಿದ್ದೆ. ನಕಲು ಪರೀಕ್ಷಿಸುವ ಯಂತ್ರ ನನ್ನನ್ನು ಪರಿಶುದ್ಧನೆಂದು ಸಾರಿತು. ಆದರೆ ಯಂತ್ರದ ನಂತರ ಮನುಷ್ಯರು ಓದುತ್ತಾರಲ್ಲ! ಸಂಪಾದಕರಿಂದ ಪತ್ರ ಬಂತು. ಲೇಖನದ ಆರಂಭದ ವಾಕ್ಯವು ಎರಡು ವರ್ಷಗಳ ಹಿಂದೆ ಒಂದು ಕಲಾಸಂಘದ ಸ್ಮರಣ ಸಂಚಿಕೆಯಲ್ಲಿ ಬಂದ ಮಲಯಾಳ ಬರಹದ ಯಥಾವತ್ ಅನುವಾದವೆಂದು ಎರಡೂ ಭಾಷೆ ಬಲ್ಲ ಪರಿಶೀಲಕರು ಗುರುತಿಸಿದ್ದಾರೆ, ಆಕರ ಹೇಳದಿರುವುದೇಕೆ? ಪತ್ರದ ಒಂದು ಪ್ರತಿ ನಮ್ಮ ಪ್ರಾಂಶುಪಾಲರಿಗೆ.

ಓದುಗ ಮಿತ್ರರೇ, ಕಾಲಡಿಯ ನೆಲ ಕುಸಿಯಿತೆಂದು ಬರೆಯುವುದನ್ನು ನಾನು ಮಕ್ಕಳ ಪ್ರಬಂಧಗಳಲ್ಲಿ ಎಷ್ಟೋ ಸಲ ಹೊಡೆದುಹಾಕಿದ್ದೇನೆ. ಅಂದು ನನಗೆ ಆದದ್ದು ಅದೇ. ಪ್ರಾಂಶುಪಾಲರು ಸಜ್ಜನರು, ಕಣ್ಣೂರಿನ ಕಡೆಯವರು, ಮೇಜಿನ ಮೇಲಿನ ಪೇಪರ್‌ವೇಟನ್ನು ನನಗಿಂತ ಹೆಚ್ಚು ಸಂಕೋಚದಿಂದ ತಿರುಗಿಸುತ್ತ, "ಮಾಷೇ, ನನಗೆ ಸಂಶಯ ಇಲ್ಲ. ಆದರೆ ಒಂದು ವಿಶದೀಕರಣ ಬೇಕು. ತೆಳಿವು ಏನಾದರೂ ಉಂಟಾ?" ಎಂದರು. ವಿಶದೀಕರಣವೆಂದರೆ ವಿವರಣೆ, ತೆಳಿವೆಂದರೆ ಪುರಾವೆ. ಎರಡೂ ಇಲ್ಲದವನಿಗೆ ಆ ಭಾಷೆ ತಟ್ಟನೆ ಅರ್ಥವಾಗುತ್ತದೆ. ನಾನು ಏನೆಂದು ಹೇಳಲಿ? ಅದು ನನ್ನದೇ, ನನ್ನ ಬಾಯಿಂದ ಯಾರೋ ಕೇಳಿದ್ದು, ಇನ್ಯಾರೋ ಬರೆದದ್ದು ಎನ್ನಲೇ? ಸಿಕ್ಕಿಬಿದ್ದ ಪ್ರತಿಯೊಬ್ಬ ವಿದ್ಯಾರ್ಥಿಯೂ ನನ್ನೆದುರು ನಿಂತು ಹೇಳಿದ್ದು ಇದನ್ನೇ ಅಲ್ಲವೇ? ಬೇಲಿಯೇ ಎದ್ದು ಹೊಲ ಮೇಯಿತೆಂದು ಊರು ಆಡಿಕೊಂಡರೆ, ಹೊಲ ನನ್ನದೇ ಎಂದು ಬೇಲಿ ಕೂಗಿಕೊಂಡರೂ ಯಾರು ಕೇಳುತ್ತಾರೆ? ಕೆಲಸ ಹೋಗುವುದಿಲ್ಲ, ಅದು ಗೊತ್ತಿತ್ತು. ಆದರೆ ಇನ್ನು ಮೇಲೆ ಯಾವ ಮುಖ ಹೊತ್ತು ಆ ಮಕ್ಕಳೆದುರು ನಿಲ್ಲಲಿ ಎಂದು ನೆನೆದಾಗ ಕಣ್ಣು ಮಂಜಾಯಿತು, ಸುಳ್ಳು ಹೇಳುವುದಿಲ್ಲ.

ಮನೆಯಲ್ಲಿ ವಸಂತಿ ವಿಷಯವೆಲ್ಲ ಕೇಳಿ, ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ, "ನೀವು ಇಷ್ಟು ವರ್ಷ ಗಂಟಲು ಹರಿದದ್ದು ಯಾರ ಎದುರು? ಕೇಳಿದವರು ಒಬ್ಬರೂ ಇಲ್ವಾ? ಫೋನ್ ಮಾಡಿ" ಎಂದಳು. ಮಾಡಿದೆ. ಹಳೆಯ ಶಿಷ್ಯರೆಲ್ಲರಿಗೂ ವಾಕ್ಯ ನೆನಪಿತ್ತು, ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಒಬ್ಬಳು ಅದನ್ನು ಗಾದೆಯೆಂದು ತನ್ನ ಶಾಲೆಯ ಗೋಡೆಯ ಮೇಲೆ ಬರೆಸಿದ್ದಳು. ದುಬೈಯಲ್ಲಿರುವ ಒಬ್ಬನಂತೂ ಸಂಭ್ರಮದಿಂದ, "ಅದು ನಾನು ಹೇಳ್ತಿದ್ದದ್ದಲ್ವಾ ಸರ್? ನಿಮಗೆ ಈಗಲೂ ನೆನಪುಂಟಾ!" ಎಂದ. ಇನ್ನೂ ನಾಲ್ಕು ಜನ ಹಾಗೆ ಹೇಳಿದ್ದರೆ ನಾನೇ ನಂಬುತ್ತಿದ್ದೆನೋ ಏನೋ.

ನವ್ಯಶ್ರೀಗೆ ಕಡೆಯಲ್ಲಿ ಫೋನ್ ಮಾಡಿದ್ದಕ್ಕೆ ಕಾರಣ ಉಂಟು: ಅವಳ ಪ್ರಬಂಧದಲ್ಲಿ ಅದು ಇದ್ದದ್ದು ಮೊದಲಿಗೇ ನೆನಪಾಗಿತ್ತು, ಅದನ್ನು ತೆಗೆಸಿದ್ದು ನಾನೇ ಎಂಬುದೂ ನೆನಪಾಗಿತ್ತು. ಅವಳೀಗ ಶಾಲೆಯೊಂದರಲ್ಲಿ ಟೀಚರು. ಹಿನ್ನೆಲೆಯಲ್ಲಿ ಮಕ್ಕಳ ಗದ್ದಲ. ನಾನು ಸುತ್ತಿಬಳಸಿ ಹೇಳಿ ಮುಗಿಸುವ ಮೊದಲೇ ಅವಳು ತಡೆದಳು.

"ಅಡಿಟಿಪ್ಪಣಿ ಉಂಟಲ್ಲ ಸರ್."

"ಅದನ್ನು ತೆಗೆಯಲಿಕ್ಕೆ ಹೇಳಿದ್ದೆನಲ್ಲ ಮಾರಾಯ್ತಿ."

"ಹೇಳಿದ್ದಿರಿ. ನಾನು ತೆಗಿಲಿಲ್ಲ." ಯಾವನೋ ಹುಡುಗನನ್ನು ಗದರಿಸಿ ಸೇರಿಸಿದಳು: "ಕರೆಂಟ್ ಕೂಡ ತೆಗಿಲಿಲ್ಲ."

ಅಬ್ಬಾ! ಹೋದ ಜೀವ ಮರಳಿ ಬಂದಾಗ ಮನುಷ್ಯ ದೇವರನ್ನು ನೆನೆಯಬೇಕಂತೆ. ನಾನು ಅಡಿಟಿಪ್ಪಣಿಯನ್ನು ನೆನೆದೆ. ಶಿಷ್ಯೆಯ ಅವಿಧೇಯತೆಗೆ ಗುರುವೊಬ್ಬ ಅಷ್ಟು ಕೃತಜ್ಞನಾದದ್ದು ಅಪರೂಪವೇ ಇರಬೇಕು. ಮರುದಿನ ಬೆಳಿಗ್ಗೆ ಗ್ರಂಥಾಲಯದ ಕಪಾಟಿನಿಂದ ಆ ರಟ್ಟಿನ ಪ್ರತಿಯನ್ನು ಎಳೆದು ಧೂಳು ಕೊಡವಿದೆ. ವಾಕ್ಯವಿತ್ತು, ಕೆಳಗೆ ನನ್ನ ಹೆಸರಿತ್ತು, ಮೊದಲ ಪುಟದಲ್ಲಿ ತಾರೀಕು ಸಮೇತ ಗ್ರಂಥಾಲಯದ ಮುದ್ರೆ, ಸ್ಮರಣ ಸಂಚಿಕೆಗಿಂತ ಸಾಕಷ್ಟು ಹಿಂದಿನದು. ಪಕ್ಕದಲ್ಲಿ ಓದದೆ ಹಾಕಿದ ನನ್ನ ಸಹಿ. ಪ್ರಾಂಶುಪಾಲರು ಎರಡೆರಡು ಸಲ ಓದಿ, "ಮಾಷೇ, ಆ ದಿನ ಕರೆಂಟ್ ಇಲ್ಲದ್ದು ಭಾಗ್ಯವಾಯಿತು" ಎಂದು ಚಹಾ ತರಿಸಿದರು. ಅಷ್ಟು ರುಚಿಯಾದ ಚಹಾ ನಮ್ಮ ಕ್ಯಾಂಟೀನಿನಲ್ಲಿ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಇನ್ನು ಆ ಮಲಯಾಳ ಲೇಖಕರು. ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ತೋಳೇರಿಸಿಯೇ ಫೋನ್ ಮಾಡಿದ್ದೆ. ನಿವೃತ್ತ ಅಂಚೆ ಅಧಿಕಾರಿ, ಮೃದುಭಾಷಿ. ಅವರು ಹೌಹಾರಿ, "ಅಯ್ಯೋ ಮಾಷೇ, ಕ್ಷೌರದ ಅಂಗಡಿಯಲ್ಲಿ ಕೇಳಿದ್ದು. ನಾಡಿನ ಪಳಂಚೊಲ್ಲು ಅಂತ ಎಣಿಸಿದೆ!" ಎಂದರು. ಪಳಂಚೊಲ್ಲು ಎಂದರೆ ಗಾದೆ. ಗಾದೆಗೆ ಆಕರ ಬೇಡವೆಂಬುದು ನನ್ನದೇ ಉಪನ್ಯಾಸದ ಕೊನೆಯ ಕಲಮು! ನನ್ನ ಶಾಸ್ತ್ರದ ಪ್ರಕಾರವೇ ಅವರು ನಿರ್ದೋಷಿ. ಏರಿಸಿದ ತೋಳನ್ನು ಇಳಿಸಿದೆ. ಅಷ್ಟೇ ಅಲ್ಲ, ಒಳಗೊಳಗೇ ಒಂದು ವಿಚಿತ್ರ ಆಸೆಯೂ ಆಯಿತು. ಬರೆಯುವವನಿಗೆ ತನ್ನ ಮಾತು ತನ್ನ ಹೆಸರನ್ನು ಕಳಚಿಕೊಂಡು, ಕ್ಷೌರದ ಅಂಗಡಿಯಲ್ಲಿ ಗಲ್ಲ ಕೆರೆಸಿಕೊಳ್ಳುತ್ತ, ಬೇರೆ ಭಾಷೆಗೂ ಹೊಕ್ಕು ಬಾಳುವುದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದುಂಟು? ಇನ್ನೊಂದಿಷ್ಟು ವರ್ಷ ಸುಮ್ಮನಿದ್ದಿದ್ದರೆ ನಾನು ಅನಾಮಧೇಯನಾಗಿ ಅಮರನಾಗುತ್ತಿದ್ದೆ. ಸದ್ಯಕ್ಕೆ ನಾಮಧೇಯನಾಗಿ ಬಚಾವಾದೆ. ಅಮರತ್ವ ಇನ್ನೊಮ್ಮೆ ನೋಡೋಣ. ಮಾನ ಉಳಿದದ್ದು ಸಣ್ಣ ಸಂಗತಿಯಲ್ಲ.

ಲೇಖನ ಪ್ರಕಟವಾಯಿತು. ಸಂಪಾದಕರ ನಿಯಮದಂತೆ ಲಿಖಿತ ಆಕರ ಕೊಡಬೇಕಾಗಿ ಬಂದು, ನನ್ನ ಸ್ವಂತ ವಾಕ್ಯದ ಕೆಳಗೆ ನಾನೇ ಅಡಿಟಿಪ್ಪಣಿ ಬರೆದೆ: ನೋಡಿ, ನವ್ಯಶ್ರೀ, ಅಪ್ರಕಟಿತ ಎಂ.ಎ. ಪ್ರಬಂಧ. ನನ್ನ ಮಾತಿಗೆ ನಾನು ಶಿಷ್ಯೆಯನ್ನು ಉಲ್ಲೇಖಿಸಿದ್ದು ನೋಡಿ ಸಹೋದ್ಯೋಗಿಗಳು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ.

ಪತ್ರಿಕೆ ಕೈಸೇರಿದ ಭಾನುವಾರ ಅವಳು ಮನೆಗೆ ಬಂದಳು. ನನ್ನ ಅಡಿಟಿಪ್ಪಣಿಯನ್ನು ಗಂಭೀರವಾಗಿ ಪರಿಶೀಲಿಸಿ, "ಪುಟಸಂಖ್ಯೆ ಇಲ್ಲ ಸರ್" ಎಂದಳು. ಆಮೇಲೆ ಚೀಲದಿಂದ ಒದ್ದೆ ಕಾಗದದ ಪೊಟ್ಟಣವೊಂದನ್ನು ತೆಗೆದು ವಸಂತಿಗೆ ಕೊಟ್ಟಳು. ಒಳಗೆ ಒಂದು ಗೆಲ್ಲು. "ಅಕ್ಕಾ, ನಿಮ್ಮ ಅಡೂರು ದಾಸವಾಳ. ನಿಮ್ಮಲ್ಲಿ ಸತ್ತದ್ದು ಅಂತ ಸರ್ ಫೋನಲ್ಲಿ ಹೇಳಿದ್ರಲ್ಲ. ನಮ್ಮಲ್ಲಿ ಬೆಳೆದು ಮನೆಯ ಮಾಡು ಮುಟ್ಟಿದೆ. ಬಂದವರಿಗೆಲ್ಲ ಅಮ್ಮ ಅಡೂರಿನದ್ದು ಅಂತಲೇ ಹೇಳುದು. ಅಮ್ಮ ಅಡೂರು ನೋಡಿಯೇ ಇಲ್ಲ." ವಸಂತಿ ಗೆಲ್ಲನ್ನು ಹಿಡಿದು ನೇರ ಆ ಬರಿಯ ನೆಲದ ಕಡೆ ನಡೆದಳು. ನಾನು ಹಾರೆ ತಂದೆ.

ಗೆಲ್ಲು ಚಿಗುರಿದೆ, ಮೊನ್ನೆ ಮೊದಲ ಹೂವೂ ಬಿಟ್ಟಿದೆ. ಮನೆಗೆ ಬಂದವರು ಮೆಟ್ಟಿಲು ಮುಟ್ಟುವುದಕ್ಕೆ ಈಗಲೂ ಅರ್ಧ ಗಂಟೆ, ಒಂದೆರಡು ನಿಮಿಷ ಹೆಚ್ಚೇ ಅನ್ನಿ. "ಇದು ಅಡೂರು ದಾಸವಾಳ, ನಮ್ಮ ಅತ್ತಿಗೆ ಕೊಟ್ಟದ್ದು" ಎಂದು ವಸಂತಿ ಶುರುಮಾಡುತ್ತಾಳೆ. ನಾನು ಗಡಿಯಾರ ನೋಡುವುದನ್ನು ಬಿಟ್ಟು ಅಂಗಳಕ್ಕಿಳಿದು ಅವಳ ಪಕ್ಕದಲ್ಲಿ ನಿಲ್ಲುತ್ತೇನೆ. "ಮೀಂಜದ ನವ್ಯಶ್ರೀ ಉಳಿಸಿದ್ದು" ಎಂಬ ಉಳಿದರ್ಧವನ್ನು ಅವಳೆಲ್ಲಿ ಮರೆತುಬಿಡುತ್ತಾಳೋ ಎಂದು. ಅವಳು ಈವರೆಗೆ ಮರೆತಿಲ್ಲ. ಆದರೂ ನಿಲ್ಲುತ್ತೇನೆ.