ಗುಂಡುಸೂಜಿ ಚುಚ್ಚಿದ ಮೂರು ಹಾಳೆ

ಹೋದ ವಾರ ಒಂದು ಕಾದಂಬರಿ ನನ್ನನ್ನು ಚುಚ್ಚಿತು. ಇದು ವಿಮರ್ಶಕರು ಹೇಳುವ ಚುಚ್ಚುವಿಕೆಯಲ್ಲ. ನಿಜವಾಗಿ ಚುಚ್ಚಿತು, ಹೆಬ್ಬೆರಳಿನಿಂದ ರಕ್ತವೂ ಬಂತು. ಹಾಳೆಗಳ ನಡುವೆ ತುಕ್ಕು ಹಿಡಿದ ಗುಂಡುಸೂಜಿಯೊಂದು ಅಷ್ಟು ವರ್ಷದಿಂದ ನನಗಾಗಿ ಕಾದು ಕೂತಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡೆ. ಆ ತುಕ್ಕಿನ ರುಚಿಗೆ ಒಂಬತ್ತನೇ ತರಗತಿ ನೆನಪಾಯಿತು.

ಆ ಪುಸ್ತಕಕ್ಕೆ ನಾನು ಕೈಹಾಕಿದ್ದು ನನ್ನ ಸೊಸೆ ತನ್ವಿಯ ದೆಸೆಯಿಂದ. ಅಕ್ಕನ ಮಗಳು, ಹದಿನಾಲ್ಕು ವರ್ಷ. ರಜೆಯಲ್ಲಿ ದೊಡ್ಡವರ ಪುಸ್ತಕವೊಂದನ್ನು ಓದಿ ಬಂದು ತರಗತಿಯಲ್ಲಿ ಮಾತಾಡಬೇಕು ಎಂದು ಅವಳ ಶಾಲೆಯವರು ಹೇಳಿದ್ದರು. ಅಕ್ಕ ಅವಳನ್ನು ಚೆಟ್ಟಳ್ಳಿಗೆ ನನ್ನ ಮನೆಗೆ ಕಳಿಸಿ, "ಎಂ.ಎ. ಮಾಡಿದೋನು ನೀನು. ಒಂದು ಪುಸ್ತಕ ಓದಿಸು ನೋಡೋಣ. ನಿನ್ನ ಕೈಲೂ ಆಗದಿದ್ರೆ ಇವಳು ಈ ಜನ್ಮದಲ್ಲಿ ಓದಲ್ಲ, ಬಿಟ್ಟುಬಿಡ್ತೀನಿ" ಎಂದಳು. ಅಕ್ಕ ಬಿಟ್ಟುಬಿಡುತ್ತೇನೆ ಎಂದರೆ ಬಿಟ್ಟೇಬಿಡುವವಳು.

ನಾನು ಕೂತು ಪಟ್ಟಿ ಮಾಡಿದೆ. ದೊಡ್ಡವರಿಗಾಗಿ ಬರೆದು ಪ್ರಶಸ್ತಿ ಪಡೆದ, ಆದರೆ ಹದಿಹರೆಯದವರೂ ಮೆಚ್ಚಬಹುದಾದ ಹನ್ನೆರಡು ಪುಸ್ತಕಗಳು. ಪ್ರತಿಯೊಂದರ ಮುಂದೆ ಯಾಕೆ ಮೆಚ್ಚಬಹುದು ಎಂಬುದಕ್ಕೆ ಎರಡೆರಡು ಸಾಲು. ತನ್ವಿ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಮಾವ, ಇದು ಡಾಕ್ಟರ್ ಚೀಟಿ ತರ ಇದೆ. ಊಟಕ್ಕೆ ಮುಂಚೆನಾ, ಆಮೇಲಾ?"

ಇಪ್ಪತ್ತು ದಿನದ ರಜೆಯಲ್ಲಿ ಹತ್ತು ದಿನ ಹೋಗಿತ್ತು. ಪಟ್ಟಿ ಅವಳ ಕಾಫಿ ಲೋಟದ ಕೆಳಗೆ ಕಂದು ಬಣ್ಣದ ಮೂರು ಉಂಗುರಗಳನ್ನು ಸಂಪಾದಿಸಿತ್ತು. ಅಷ್ಟರಲ್ಲಿ ನನಗೊಂದು ಪ್ರಶ್ನೆ ಹುಟ್ಟಿತು: ಈ ವಯಸ್ಸಿನಲ್ಲಿ ನನಗೆ ಯಾರು ಪಟ್ಟಿ ಕೊಟ್ಟಿದ್ದರು? ಯಾರೂ ಕೊಟ್ಟಿರಲಿಲ್ಲ. ಹಾಗಾದರೆ ನಾನು ಓದತೊಡಗಿದ್ದು ಹೇಗೆ? ಉತ್ತರ ಹುಡುಕುತ್ತಾ ಕಪಾಟಿನ ಹಿಂದಿನ ಸಾಲಿಗೆ ಕೈಹಾಕಿದೆ. ಆಗಲೇ ಗುಂಡುಸೂಜಿ ಚುಚ್ಚಿದ್ದು.

ನನ್ನ ನೆನಪಿನ ಪ್ರಕಾರ ಕಥೆ ಹೀಗಿದೆ. (ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ, ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವುದು. ಆ ಚಾಳಿ ಈಚೆಗೆ ನನ್ನ ಮೇಲೇ ತಿರುಗಿಬಿದ್ದಿದೆ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.) ನಮ್ಮೂರ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯಿತ್ತು. ತೋಟದ ಲೈನ್ ಮನೆಗಳ ಕೆಲಸಗಾರರಿಗೆ ಅಲ್ಲಿ ಸಂಜೆ ಓದುಬರಹ ಕಲಿಸುತ್ತಿದ್ದರು. ಕಲಿಸುವವರು ಜಾನಕಮ್ಮ ಟೀಚರ್. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆಯವರು. ಅ ಆ ತಿದ್ದುತ್ತಿದ್ದ ಆ ಕೇಂದ್ರಕ್ಕೆ ಎಲ್ಲಿಂದಲೋ ಯಾವ ಪುಣ್ಯಾತ್ಮರೋ ಒಂದು ಬೀರು ತುಂಬ ಪ್ರಶಸ್ತಿ ಪಡೆದ ಕಾದಂಬರಿಗಳನ್ನು ಕಳಿಸಿದ್ದರು. ಒಂದೊಂದೂ ನಾನೂರು ಪುಟ. ಹಗಲೆಲ್ಲ ಕಾಫಿ ಹಣ್ಣು ಕೊಯ್ದು ಬಂದವರು ಅವನ್ನು ನೋಡಿ ದೂರದಿಂದಲೇ ಕೈಮುಗಿಯುತ್ತಿದ್ದರು. ಓದುವವರಿಲ್ಲದಿದ್ದರೆ ಬೀರುವನ್ನು ಮಡಿಕೇರಿಗೆ ಒಯ್ಯುತ್ತೇವೆ ಎಂದು ಮೇಲಿನವರು ಟೀಚರಿಗೆ ಎರಡು ಸಲ ಹೇಳಿಕಳಿಸಿದ್ದರಂತೆ.

ನನಗೂ ನನ್ನ ಗೆಳೆಯ ಪೂವಯ್ಯನಿಗೂ ಇದೊಂದೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಒಂದು ಮೊಹರು. ಮಳೆಗೆ ಓಡಿಬಂದು ಆ ಕೋಣೆಯಲ್ಲಿ ನಿಂತಿದ್ದಾಗ ಪೂವಯ್ಯ ಬೀರುವಿನಿಂದ ಒಂದು ಪುಸ್ತಕ ಎಳೆದ. ಮೊದಲ ಪುಟದಲ್ಲಿ ನೇರಳೆ ಮಸಿಯಲ್ಲಿ ದುಂಡಗೆ ಒತ್ತಿತ್ತು: "ವಯಸ್ಕರಿಗೆ ಮಾತ್ರ."

ಆ ಎರಡು ಪದ ನಮಗೆ ಚೆನ್ನಾಗಿ ಪರಿಚಯವಿತ್ತು. ಸುಂಟಿಕೊಪ್ಪದ ಗೋಡೆಗಳ ಸಿನಿಮಾ ಪೋಸ್ಟರಿನ ಮೂಲೆಯಲ್ಲಿ ನೋಡಿದ್ದೆವು, ನೋಡಿಯೂ ನೋಡದವರಂತೆ ನಡೆದಿದ್ದೆವು.

"ಮಾರಾಯ," ಎಂದ ಪೂವಯ್ಯ, ದನಿ ತಗ್ಗಿಸಿ. "ಬೀರು ಇಡೀ ಇದೇ ಉಂಟು!"

ಮರುದಿನದಿಂದ ನಾವು ಸಾಹಿತ್ಯಾಭಿಮಾನಿಗಳಾದೆವು. ಪುಸ್ತಕ ಕೇಳಿದಾಗ ಟೀಚರ್ ಕನ್ನಡಕದ ಮೇಲಿಂದ ನೋಡಿ, "ಓದ್ತೀರೇನ್ರಪ್ಪ? ಕೈ ತೊಳ್ಕಂಡು ಮುಟ್ಟಿ" ಎಂದು ನಮ್ಮ ಹೆಸರು ಬರೆದುಕೊಂಡು ಕೊಟ್ಟರು. ಪೂವಯ್ಯನ ಮನೆಯಲ್ಲಿ ಅವನ ದೊಡ್ಡಪ್ಪ ಪುಸ್ತಕವನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಇವರು ದೊಡ್ಡ ರೈಟರ್ ಎಂದು ಹೊಗಳಿದ್ದರು. ನಮ್ಮ ಕಡೆ ರೈಟರ್ ಎಂದರೆ ಬೆಳಿಗ್ಗೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು. ದೊಡ್ಡಪ್ಪ ಗಂಭೀರವಾಗಿ ಕೇಳಿದರು: "ಇವ ಯಾವ ಎಸ್ಟೇಟಿನಲ್ಲಿ ಇರೋದು?"

ನಾವು ಕಾಳುಮೆಣಸಿನ ಬಳ್ಳಿಗಳ ಮರೆಯಲ್ಲಿ ಕೂತು ಓದಿದೆವು. ಅಂಥ ಭಾಗ ಯಾವ ಕ್ಷಣದಲ್ಲಾದರೂ ಬರಬಹುದು, ಹಾಗಾಗಿ ಒಂದು ಸಾಲನ್ನೂ ಬಿಡುವಂತಿರಲಿಲ್ಲ. ಅಷ್ಟು ಶ್ರದ್ಧೆಯಿಂದ ನಾನು ಎಂ.ಎ.ಯಲ್ಲೂ ಓದಲಿಲ್ಲ. ಭಾವಿಯಲ್ಲಿ ನೀರು ಸೇದುವ ವರ್ಣನೆ ಬಂದರೆ ಇದರ ಹಿಂದೆ ಏನಿರಬಹುದು ಎಂದು ಅರ್ಧ ಗಂಟೆ ಚರ್ಚೆ. ನೀರೇ ಇತ್ತು. ಇನ್ನೂರು ಪುಟ ದಾಟಿದರೂ ನಡುವಯಸ್ಸಿನ ಹೆಂಗಸೊಬ್ಬಳು ಒಂದು ದೊಡ್ಡ ಮನೆಯಲ್ಲಿ ಎಲ್ಲರಿಗೂ ಬಡಿಸುತ್ತಲೇ ಇದ್ದಳು. ಪೂವಯ್ಯ ಕೈಚೆಲ್ಲುವುದರಲ್ಲಿದ್ದ. ಆಗ ಸಿಕ್ಕಿತು, ಮೂರು ಹಾಳೆಗಳನ್ನು ಸೇರಿಸಿ ಚುಚ್ಚಿದ ಗುಂಡುಸೂಜಿ. ನಾಲ್ಕು ಪುಟಗಳು ಒಳಗೆ ಬಂದಿಯಾಗಿದ್ದವು.

"ಸಿಕ್ಕಿತಲ್ಲ!" ಎಂದ ಅವನು. ಸೂಜಿ ಬಿಗಿಯಾಗಿ ಕೂತಿತ್ತು. ನಾನು ತೆಗೆದೆ. (ಅವನು ತೆಗೆದನೋ?)

ಒಳಗೆ ಆ ಹೆಂಗಸು ಮನೆ ಬಿಟ್ಟು ಹೊರಟಿದ್ದಳು. ಒಂದು ಟ್ರಂಕು ಹಿಡಿದು ಬಸ್ಸಿಗೆ ಕಾಯುತ್ತಾಳೆ. ಬಸ್ಸು ಬರುವುದಿಲ್ಲ. ಹಸಿವಾಗಿ ಬುತ್ತಿ ಬಿಚ್ಚುತ್ತಾಳೆ. ಮೊದಲ ತುತ್ತು ಬಾಯಿಗಿಡುವಾಗ ಅವಳಿಗೆ ಹೊಳೆಯುತ್ತದೆ, ಮದುವೆಯಾದ ಮೇಲೆ ಯಾರಿಗೂ ಬಡಿಸದೆ ತಾನೇ ಮೊದಲು ಉಣ್ಣುತ್ತಿರುವುದು ಇದೇ ಮೊದಲ ಸಲ ಎಂದು. ಒಬ್ಬಳೇ ಕೂತು ನಗುತ್ತಾಳೆ. ಅಷ್ಟೇ. ನಾಲ್ಕು ಪುಟದಲ್ಲಿ ಅಷ್ಟೇ.

"ಎಂತ ಇಲ್ಲ ಮಾರಾಯ ಇದರಲ್ಲಿ," ಎಂದ ಪೂವಯ್ಯ. ಆದರೆ ಪುಸ್ತಕ ಮುಚ್ಚಲಿಲ್ಲ. ಇನ್ನೊಮ್ಮೆ ಓದಿ, ಸೂಜಿಯನ್ನು ಇದ್ದ ತೂತಿನಲ್ಲೇ ಮತ್ತೆ ಚುಚ್ಚಿಟ್ಟ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅಮ್ಮನಿಗೆ, "ಇವತ್ತು ನೀನು ಮೊದಲು ಉಣ್ಣು" ಎಂದೆ. ಅಮ್ಮ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನಾನು ಪೂವಯ್ಯನಿಗೆ ಫೋನು ಮಾಡಿ ಇದನ್ನೆಲ್ಲ ನೆನಪಿಸಿದೆ. ಅವನೀಗ ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುತ್ತಾನೆ.

"ಹಣೆ ಮುಟ್ಟಿದ್ದು ನನ್ನ ಅಮ್ಮ ಮಾರಾಯ," ಎಂದ. "ನಿನ್ನ ಅಮ್ಮ ಅಲ್ಲ. ನಾನು ನಿಂಗೆ ಮರುದಿನ ಹೇಳಿದೆ, ನೀನು ಹೊಟ್ಟೆ ಹಿಡ್ಕೊಂಡು ನಗಾಡಿದ್ದಿ. ಈಗ ನಿಂದೇ ಮಾಡ್ಕೊಂಡಿದ್ದೀಯಾ?"

ಆಧಾರ ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ನನ್ನ ಹತ್ತಿರವೂ ಇರಲಿಲ್ಲ. ಫೋನಿಟ್ಟು, ಕೈಯಲ್ಲಿದ್ದ ಒಂದೇ ಆಧಾರವಾದ ಪುಸ್ತಕದ ಮೊದಲ ಪುಟವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಮೊಹರು ಇತ್ತು. "ಮಾತ್ರ" ಇರಲಿಲ್ಲ. ಎಂದೂ ಇದ್ದಂತೆ ಕಾಣಲಿಲ್ಲ. "ವಯಸ್ಕರ" ಎಂಬುದು ದಟ್ಟವಾಗಿ ಮೂಡಿತ್ತು. ಆಮೇಲೆ ಮಸಿ ಸಾಲದೆ ಮಂಕಾಗಿದ್ದ ಅಕ್ಷರಗಳನ್ನು ಬೆಳಕಿಗೆ ಹಿಡಿದಾಗ ಓದಲು ಬಂತು: "ಶಿಕ್ಷಣ ಕೇಂದ್ರ."

ಪುಸ್ತಕವನ್ನು ನಾನು ಹಿಂದಿರುಗಿಸಿರಲಿಲ್ಲ ಎಂಬುದೂ ಆಗಲೇ ಹೊಳೆದದ್ದು. ಈ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ, ಪುಸ್ತಕ ನನ್ನ ಕೈಯಲ್ಲೇ ಇತ್ತು. ಮರುದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಕುಶಾಲನಗರಕ್ಕೆ ಹೋದೆ. ಜಾನಕಮ್ಮ ಟೀಚರ್ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ಪುಸ್ತಕ ನೋಡಿದ್ದೇ, "ಬಂದ್ಯಾ ಕಳ್ಳ," ಎಂದರು. "ಕೈ ತೊಳ್ಕಂಡಿದ್ಯಾ?"

ಬೈಗುಳ ಮುಗಿದ ಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ಆ ಪುಟಗಳಿಗೆ ಸೂಜಿ ಚುಚ್ಚಿದ್ದು ಯಾಕೆ? ಹೆಣ್ಣುಮಗಳು ಮನೆ ಬಿಡುವ ಕಥೆ ಚಿಕ್ಕವರು ಓದಬಾರದು ಎಂದೇ? ಈ ಬಗ್ಗೆ ನನ್ನದೊಂದು ಸಿದ್ಧಾಂತವೂ ತಯಾರಿತ್ತು.

"ಥೋ, ಅದೆಂತದೂ ಇಲ್ಲ ಕಣಪ್ಪ. ಹೊಲಿಗೆ ಬಿಟ್ಟು ಹಾಳೆ ಉದುರ್ತಿದ್ವು. ಗೋಂದು ಇರ್ಲಿಲ್ಲ. ಸೀರೆಗೆ ಹಾಕ್ಕೊಂಡಿದ್ದ ಸೂಜಿ ತೆಗ್ದು ಚುಚ್ದೆ."

ನನ್ನ ಓದಿನ ಬದುಕು ಒಣಗಿದ ಮಸಿಯ ಮೇಲೂ ಇಲ್ಲದ ಗೋಂದಿನ ಮೇಲೂ ನಿಂತಿದೆ ಎಂದು ತಿಳಿದು ನಾನು ಪೆಚ್ಚಾಗಿ ಕೂತೆ. ಟೀಚರ್ ಒಂದು ಹಿಡಿ ಕಾಳನ್ನು ಮೊರಕ್ಕೆ ಹಾಕಿ ಹೇಳಿದರು:

"ಅದೊಂದ್ಕೆ ಹಂಗೆ ಚುಚ್ಚಿದ್ದು. ನೀವಿಬ್ರೂ ಯಾಕೆ ಬತ್ತಿದ್ರಿ ಅಂತ ಗೊತ್ತಾದ್ಮೇಲೆ ಬೀರಲ್ಲಿದ್ದ ಎಲ್ಲಾ ಪುಸ್ತಕಕ್ಕೂ ಒಂದೊಂದು ಚುಚ್ದೆ. ಓದಿ, ಎಲ್ಲಿ ಚೆನ್ನಾಗಿತ್ತೋ ಅಲ್ಲಿ. ಆ ವರ್ಷ ನಿಮ್ಮ ತರಗತಿ ಹುಡುಗ್ರು, ಹುಡುಗೀರು ಎಲ್ಲಾ ಬಂದ್ರು. ಹೆಣ್ಮಕ್ಕಳು ನಿಮಗಿಂತ ಜೋರು. ಬೀರು ಎಲ್ಲೂ ಹೋಗ್ಲಿಲ್ಲ."

ಇದು ನಿಜವೋ, ನನ್ನ ಪೆಚ್ಚುಮೋರೆ ನೋಡಿ ಆಗಲೇ ಕಟ್ಟಿದ್ದೋ ಗೊತ್ತಿಲ್ಲ. ಕೇಳಲಿಲ್ಲ. ಪುಸ್ತಕವನ್ನು ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಮನೇಲಿ ಓದೋ ವಯಸ್ಸಿನವರು ಯಾರಾದ್ರೂ ಅವ್ರಾ?" ಎಂದರು.

ದಾರಿಯಲ್ಲಿ ಒಂದು ಡಬ್ಬಿ ಗುಂಡುಸೂಜಿ ಕೊಂಡೆ. ಮನೆಗೆ ಬಂದು ಆ ಮೂರು ಹಾಳೆಗಳನ್ನು ಮತ್ತೆ ಬಂಧಿಸಿ, ಪುಸ್ತಕವನ್ನು ಕಪಾಟಿನ ತೀರಾ ಮೇಲಿನ ಖಾನೆಯಲ್ಲಿಟ್ಟು, ತನ್ವಿಗೆ ಕೇಳಿಸುವಷ್ಟು ಜೋರಾಗಿ, "ಇದೊಂದು ಬೇಡ, ಇದು ನಿನಗಲ್ಲ" ಎಂದೆ. ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಪಟ್ಟಿಯ ಮೇಲೆ ನಾಲ್ಕನೆಯ ಉಂಗುರ ಮೂಡಿತು. ಮೂರು ದಿನ ಹೀಗೇ ಹೋಯಿತು. ಅಕ್ಕನಿಗೆ ಏನು ಹೇಳುವುದು ಎಂದು ವಾಕ್ಯ ಜೋಡಿಸತೊಡಗಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಹಿಂದಿನ ವಾರ ಬಿದ್ದ ಹೂಮಳೆಗೆ ಕಾಫಿ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾಗಿದ್ದವು. ನಾನು ಜಗಲಿಯಲ್ಲಿ ಕೂತಿದ್ದೆ. ತನ್ವಿ ಬಂದು ನನ್ನ ಮುಂದೆ ಏನನ್ನೋ ಇಟ್ಟಳು. ಹೊಳೆಯುವ ಗುಂಡುಸೂಜಿ.

"ಪಿನ್ನು ಹೊಸದು ಮಾವ," ಎಂದಳು. "ಹಳೇ ತೂತು ಪಕ್ಕದಲ್ಲೇ ಇದೆ, ತುಕ್ಕಿನ ಕಲೆ ಸಮೇತ. ನನ್ನನ್ನ ಏನು ಅಂದ್ಕೊಂಡಿದ್ದೀರಾ?"

ಎಂ.ಎ. ಪದವೀಧರ ಸೂಜಿಯನ್ನೆತ್ತಿ ಬೆಳಕಿಗೆ ಹಿಡಿದು ನೋಡಿದ. ಅವಳು ಒಳಗೆ ಹೋಗಲು ತಿರುಗಿದವಳು ಬಾಗಿಲಲ್ಲಿ ನಿಂತಳು. ಪುಸ್ತಕ ಅವಳ ಕಂಕುಳಲ್ಲೇ ಇತ್ತು, ಕೊನೆಯ ಭಾಗದಲ್ಲಿ ಎಲ್ಲೋ ಒಂದು ಬೆರಳು ಸಿಕ್ಕಿಸಿಕೊಂಡಿದ್ದಳು.

"ಮಾವ, ಅವಳು ವಾಪಸ್ ಆ ಮನೆಗೆ ಹೋಗ್ತಾಳಾ? ಅದೊಂದು ಹೇಳಿ. ಹೋದ್ರೆ ನಾನು ಮುಂದೆ ಓದಲ್ಲ."

ನೆನಪಿಸಿಕೊಂಡು ನೋಡಿದೆ. ಬಸ್ಸು ಬಂತೆಂದು ಒಂದು ನೆನಪು ಹೇಳಿತು, ಬರಲೇ ಇಲ್ಲವೆಂದು ಇನ್ನೊಂದು. ಎರಡಕ್ಕೂ ಆಧಾರವಿರಲಿಲ್ಲ. ಆಧಾರ ಅವಳ ಕಂಕುಳಲ್ಲಿತ್ತು.

"ಗೊತ್ತಿಲ್ಲ ಕಣೇ," ಎಂದೆ. "ಓದಿ ನನಗೂ ಹೇಳು."