ಸರ್ವೆಗೆ ಬಂದಾಕೆ ಅಳೆದ ನೀರು

ಮದ್ದೂರು ಹತ್ತಿರದ ಕೊಪ್ಪದ ನಮ್ಮ ಮನೆಗೆ ಕುಡಿತದ ಸರ್ವೆಗೆಂದು ಬಂದಾಕೆಯ ಹೆಸರನ್ನು ನಾನು ಕೇಳಲೇ ಇಲ್ಲ. ಅಪ್ಪನ ಎದುರು ನೆಲದ ಮೇಲೇ ಕೂತರು. ಪ್ರತಿ ಪ್ರಶ್ನೆಗೂ ಮುಂಚೆ, "ತಪ್ಪು ಸರಿ ಏನಿಲ್ಲ ಯಜಮಾನ್ರೇ, ಇದ್ದಂಗೆ ಹೇಳಿ" ಅನ್ನುತ್ತಿದ್ದರು.

"ಯಾವಾಗ್ಲಾದ್ರೂ ಒಂಚೂರು ಕಣಮ್ಮ," ಅಂದ ಅಪ್ಪ.

ಅಡುಗೆಮನೆಯಿಂದ ಅವ್ವ ಬಾಯಿ ತೆರೆದಳು. "ಅವ್ರೇ ಹೇಳ್ಲಿ ಬುಡಿ ಅಮ್ಮ," ಎಂದು ಆಕೆ ಕೈಯೆತ್ತಿ ತಡೆದರು. ಆಮೇಲೆ ಅಪ್ಪ ಕುಡಿಯುವ ಲೋಟವನ್ನೇ ತರಿಸಿ, ಒಂದು ಚೊಂಬು ನೀರಿಟ್ಟು, "ನೆನ್ನೆ ಬರೀ ಬ್ರಾಂದಿ ಎಷ್ಟು ಉಯ್ಕೊಂಡ್ರೋ ಅಷ್ಟು ಉಯ್ದು ತೋರ್ಸಿ" ಎಂದರು. ಅಪ್ಪ ಉಯ್ದದ್ದನ್ನೆಲ್ಲ ಗೆರೆಯಿದ್ದ ಅಳತೆ ಪಾತ್ರೆಗೆ ಬಗ್ಗಿಸಿದರು. ಮೂರನೆಯ ಲೋಟಕ್ಕೇ ಪಾತ್ರೆ ತುಂಬಿತು.

"ಇನ್ನೂ ಒಂದೈತೆ," ಅಂದ ಅಪ್ಪ, ಮೆಲ್ಲಗೆ.

"ನೀವು ಕುಡ್ದಿದ್ರಿಂದ ಯಾರಿಗಾದ್ರೂ ಪೆಟ್ಟಾಗೈತಾ?"

ಆಕೆ ಪೆನ್ನು ಕೆಳಗಿಟ್ಟು ಕಾದರು.

"ಇವಳ್ಗೆ. ಕೈ ಮುರ್ದಿದ್ದೆ."

ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳೆಂದು ನಾವು ಊರಿಗೆಲ್ಲ ಹೇಳಿದ್ದೆವು. ಆಕೆ ಬೈಯಲಿಲ್ಲ, ಅಪ್ಪ ಹೇಳಿದ್ದನ್ನು ಬರೆದುಕೊಂಡರು. ಹೊರಡುವಾಗ, ಮದ್ದೂರಿನ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಡಾಕ್ಟರು ಯಾವ ದಿನ ಸಿಗುತ್ತಾರೆಂದು ಚೀಟಿ ಬರೆದುಕೊಟ್ಟರು.

ಮುಂದಿನ ವಾರ ಅಪ್ಪ ತಾನೇ ಬಸ್ಸು ಹತ್ತಿದ. ಆಮೇಲೂ ಎರಡು ಸಲ ಕುಡಿದ. ಎಷ್ಟೆಂದು ತಾನಾಗೇ ಹೇಳಿದ. ಈಗ ಪೂರ್ತಿ ಬಿಟ್ಟಿದ್ದಾನೆ.

ಅವತ್ತು ಆಕೆ ಗದರಿದ್ದರೆ ಅಪ್ಪ ಎದ್ದು ಹೋಗುತ್ತಿದ್ದ. ಗದರದೆ ಕಾದರಲ್ಲ, ಅದಕ್ಕೇ, ಅಪ್ಪ ಬರುವ ಹೊತ್ತಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ನನ್ನವ್ವ ಈಗ ಸಂಜೆ ಹೊತ್ತು ಬಾಗಿಲು ತೆರೆದಿಟ್ಟುಕೊಂಡೇ ಕೂರುತ್ತಾಳೆ.